ಟೈಟಲ್ ಕಾರ್ಡಿನಲ್ಲಿ ಒಂದೇ ಪದ: ಹಳೇ ಕೌಬಾಯ್ ಸಿನಿಮಾಗಳಲ್ಲಿ ಯಾರಿದ್ದರು, ಯಾರಿಗೆ ಕುದುರೆ ಸಿಕ್ಕಿತು?

ಮ್ಯಾಟಿನಿ ಮಂಜು

ಎಲ್ಲರಿಗೂ ನಮಸ್ಕಾರ. ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಮಗಳ ಜೊತೆ ಕೂತು ಹಳೇ ಕಪ್ಪು-ಬಿಳುಪು ಕೌಬಾಯ್ ಸಿನಿಮಾ ನೋಡುವುದು ನಮ್ಮ ಮನೆಯಲ್ಲಿ ಎರಡು ವರ್ಷದಿಂದ ನಡೆದುಕೊಂಡು ಬಂದಿದೆ. ದೊಡ್ಡ ಹೆಸರಿನ ಸಿನಿಮಾಗಳಲ್ಲ. ಹಾಲಿವುಡ್‌ನ ರಿಪಬ್ಲಿಕ್, ಮೊನೋಗ್ರಾಮ್, ಪಿಆರ್‌ಸಿ ಥರದ ಸಣ್ಣ ಕಂಪನಿಗಳು ಸ್ವಲ್ಪ ದುಡ್ಡಿನಲ್ಲಿ, ಕೆಲವೇ ದಿನಗಳಲ್ಲಿ ತೆಗೆದು ಮುಗಿಸುತ್ತಿದ್ದವು. ಒಂದು ಗಂಟೆ ಓಡಿದರೆ ಜಾಸ್ತಿ. ಕುದುರೆ ಓಡುತ್ತದೆ, ನಡುವೆ ಒಂದು ಹಾಡು ಬರುತ್ತದೆ, ಕೊನೆಗೆ ಕಳ್ಳರು ಸಿಕ್ಕಿಬೀಳುತ್ತಾರೆ. ನನಗೂ ಇಷ್ಟ, ಅವಳಿಗೂ ಇಷ್ಟ.

ಮೊನ್ನೆ ನೋಡಿದ ರಿಪಬ್ಲಿಕ್ ಸಿನಿಮಾದಲ್ಲಿ ಅಡುಗೆಯವನ ಪಾತ್ರಕ್ಕೆ ಒಬ್ಬ ಕಪ್ಪು ನಟ ಇದ್ದರು. ಕಣ್ಣು ಅಗಲ ಮಾಡುವುದು, ಹೆದರಿ ಓಡುವುದು, ಮಾತು ತಡವರಿಸುವುದು, ಅಷ್ಟೇ ಅವರಿಗೆ ಕೊಟ್ಟ ಕೆಲಸ. ಮಗಳಿಗೆ ಒಂಬತ್ತು ವರ್ಷ, ಈಗೀಗ ಇಂಗ್ಲಿಷ್ ಓದುವ ಹುಮ್ಮಸ್ಸು. ಟೈಟಲ್ ಕಾರ್ಡ್ ನಿಲ್ಲಿಸಿ ಒಂದೊಂದೇ ಹೆಸರು ಓದುತ್ತಿದ್ದಳು. "ಅಪ್ಪಾ, ಎಲ್ಲರಿಗೂ ಎರಡೆರಡು ಹೆಸರಿದೆ. ಇವರಿಗೆ ಯಾಕೆ ಒಂದೇ? ಅದೂ ಸ್ನೋಫ್ಲೇಕ್ ಅಂತ?"

ನನಗೆ ಉತ್ತರ ಹೊಳೆಯಲಿಲ್ಲ. ರಾತ್ರಿ ಹುಡುಕಿದೆ. ಅವರ ಹೆಸರು ಫ್ರೆಡ್ ಟೂನ್ಸ್. 200ಕ್ಕೂ ಜಾಸ್ತಿ ಸಿನಿಮಾಗಳಲ್ಲಿ ಕಾಣಿಸಿಕೊಂಡಿದ್ದಾರೆ. ರಿಪಬ್ಲಿಕ್ ಸ್ಟುಡಿಯೋದ ಆವರಣದಲ್ಲೇ ಬೂಟ್ ಪಾಲಿಶ್ ಅಂಗಡಿಯನ್ನೂ ನಡೆಸುತ್ತಿದ್ದರಂತೆ. ಒಂದು ಕಡೆ ಕ್ಯಾಮೆರಾ ಮುಂದೆ ನಿಲ್ಲುವುದು, ಇನ್ನೊಂದು ಕಡೆ ಅದೇ ಸ್ಟುಡಿಯೋದವರ ಬೂಟು ಒರೆಸುವುದು. ಕಪ್ಪು ಮನುಷ್ಯನಿಗೆ ಹಿಮದ ಹಳುಕು ಎಂದು ಹೆಸರಿಟ್ಟು ನಗಿಸಿದ್ದಾರೆ, ಆ ಹೆಸರನ್ನೇ ಪರದೆ ಮೇಲೂ ಹಾಕಿದ್ದಾರೆ. ಇಷ್ಟು ದಿನ ನನಗೇ ಇದು ಕಣ್ಣಿಗೆ ಬಿದ್ದಿರಲಿಲ್ಲವಲ್ಲ ಅಂತ ಮನಸ್ಸಿಗೆ ಬಹಳ ಕಸಿವಿಸಿ ಆಯಿತು.

ಈಗ ನನ್ನ ಪ್ರಶ್ನೆ. ಕಡಿಮೆ ದುಡ್ಡಿನ ಕೌಬಾಯ್ ಸಿನಿಮಾಗಳೆಲ್ಲ ಹೀಗೇನಾ? ಕಪ್ಪು ಮನುಷ್ಯ ಕುದುರೆ ಹತ್ತಿ ಹೀರೋ ಆದದ್ದು ಆ ಕಾಲದಲ್ಲಿ ಇಲ್ಲವೇ ಇಲ್ಲವಾ? ಮಗಳಿಗೆ ತೋರಿಸಬೇಕು.

ಹಳೇ ರೀಲು

ಇದೆ ಮಂಜು ಅವರೇ, ಖಂಡಿತ ಇದೆ. ಹರ್ಬ್ ಜೆಫ್ರೀಸ್ ಅಂತ ಹುಡುಕಿ.

ಡೆಟ್ರಾಯಿಟ್‌ನಲ್ಲಿ ಹುಟ್ಟಿದ ಹಾಡುಗಾರ ಇವರು. ಆಮೇಲೆ ಜಾಝ್ ಸಂಗೀತಗಾರ ಡ್ಯೂಕ್ ಎಲಿಂಗ್ಟನ್ ಅವರ ತಂಡದಲ್ಲಿ 'ಫ್ಲಮಿಂಗೋ' ಹಾಡಿ ಇನ್ನೂ ದೊಡ್ಡ ಹೆಸರು ಮಾಡಿದರು. ಅದಕ್ಕೂ ಮೊದಲು, 1937ರಿಂದ 1939ರ ನಡುವೆ, ನಾಲ್ಕು ಕೌಬಾಯ್ ಸಿನಿಮಾಗಳಲ್ಲಿ ಇವರೇ ಹೀರೋ: 'ಹಾರ್ಲೆಮ್ ಆನ್ ದ ಪ್ರೇರಿ', 'ಟೂ-ಗನ್ ಮ್ಯಾನ್ ಫ್ರಮ್ ಹಾರ್ಲೆಮ್', 'ದ ಬ್ರಾಂಜ್ ಬಕರೂ', 'ಹಾರ್ಲೆಮ್ ರೈಡ್ಸ್ ದ ರೇಂಜ್'. ಬಿಳಿ ಟೋಪಿ, ಸ್ಟಾರ್‌ಡಸ್ಕ್ ಅನ್ನುವ ಕುದುರೆ, ಕೈಯಲ್ಲಿ ಗಿಟಾರ್. ಆಗಿನ ಹೆಸರಾಂತ ಹಾಡುವ ಬಿಳಿ ಕೌಬಾಯ್ ಜೀನ್ ಆಟ್ರಿಗೆ ಏನೇನಿತ್ತೋ ಅದೆಲ್ಲ ಇವರಿಗೂ ಇತ್ತು. ಹೀರೋಯಿನ್, ವಿಲನ್, ರ‍್ಯಾಂಚ್ ಮಾಲೀಕ ಎಲ್ಲರೂ ಕಪ್ಪು ಜನರೇ.

ಆಗ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರಿಗೆ ಚಿತ್ರಮಂದಿರವೇ ಬೇರೆ, ಇಲ್ಲವೇ ಅದೇ ಮಂದಿರದ ಬಾಲ್ಕನಿ, ಇಲ್ಲವೇ ಮಧ್ಯರಾತ್ರಿಯ ಆಟ. ಅವರಿಗೆಂದೇ ಸಿನಿಮಾ ಮಾಡುವ ಒಂದು ಪುಟ್ಟ ಉದ್ಯಮ ಸುಮಾರು 1915ರಿಂದ ಮೂರು ದಶಕಕ್ಕೂ ಜಾಸ್ತಿ ನಡೆಯಿತು. ಜೆಫ್ರೀಸ್ ಸಿನಿಮಾಗಳು ಆ ಸಾಲಿಗೆ ಸೇರಿದವು. ದಕ್ಷಿಣದಲ್ಲಿ ಹಾಡುತ್ತಾ ತಿರುಗಿದಾಗ ಕಪ್ಪು ಮಕ್ಕಳು ಬಿಳಿ ಕೌಬಾಯ್‌ಗಳನ್ನೇ ನೋಡಲು ಸಾಲುಗಟ್ಟಿ ನಿಂತದ್ದನ್ನು ಕಂಡೆ, ಇವರಿಗೂ ಇವರದೇ ಒಬ್ಬ ಹೀರೋ ಬೇಡವಾ ಅನ್ನಿಸಿತು ಅಂತ ಅವರು ಮುಂದೆ ಹೇಳಿಕೊಂಡಿದ್ದಾರೆ.

ಶೂಟಿಂಗ್ ಜಾಗ ಕೇಳಿದರೆ ಇನ್ನೂ ಖುಷಿಯಾಗುತ್ತದೆ. ಕ್ಯಾಲಿಫೋರ್ನಿಯಾದ ವಿಕ್ಟರ್‌ವಿಲ್ ಹತ್ತಿರ ಮರುಭೂಮಿಯಲ್ಲಿ ಒಂದು ರ‍್ಯಾಂಚ್ ಇತ್ತು. ಅದರ ಮಾಲೀಕರು ಕಪ್ಪು ಜನರು. ಬೇರೆ ಕಡೆ ರೂಮ್ ಸಿಗದ ಕಪ್ಪು ಜನರು ಅಲ್ಲಿಗೆ ರಜೆಗೆ ಬಂದು ಕುದುರೆ ಸವಾರಿ ಮಾಡುತ್ತಿದ್ದರು. ಅಲ್ಲೇ ಈ ಸಿನಿಮಾಗಳನ್ನು ತೆಗೆದರು.

ಜೆಫ್ರೀಸ್ ಅವರು 2014ರಲ್ಲಿ ತೀರಿಕೊಂಡರು. ಆಗ ಅವರಿಗೆ 100 ವರ್ಷ.

ಕ್ಯಾಮೆರಾ ಕಣ್ಣು

ಹಳೇ ರೀಲು ಸರ್ ಹೇಳಿದ್ದೆಲ್ಲ ಸರಿ. ಆದರೆ ಮಗುವಿಗೆ ತೋರಿಸುವ ಮುಂಚೆ ಮಂಜು ಅವರಿಗೆ ಇನ್ನೂ ಎರಡು ಮಾತು ಗೊತ್ತಿರಲಿ.

ಜೆಫ್ರೀಸ್ ಅವರ ಮೊದಲ ಕೌಬಾಯ್ ಸಿನಿಮಾದ ನಿರ್ಮಾಪಕ ಜೆಡ್ ಬ್ಯುಯೆಲ್, ನಿರ್ದೇಶಕ ಸ್ಯಾಮ್ ನ್ಯೂಫೀಲ್ಡ್. ಇಬ್ಬರೂ ಬಿಳಿಯರು. ಇದೇ ಜೋಡಿ 1938ರಲ್ಲಿ 'ದ ಟೆರರ್ ಆಫ್ ಟೈನಿ ಟೌನ್' ಅನ್ನೂ ಮಾಡಿತು. ಅದರಲ್ಲಿ ಎಲ್ಲ ಪಾತ್ರಗಳಲ್ಲೂ ಗಿಡ್ಡ ದೇಹದ ಕಲಾವಿದರು, ದೊಡ್ಡ ಕುದುರೆ ಬದಲು ತಟ್ಟು, ಹೆಂಡದಂಗಡಿ ಬಾಗಿಲ ಕೆಳಗೆ ನುಸುಳಿ ಬರುವುದೇ ನಗೆ. ಅಂದರೆ ನಿರ್ಮಾಪಕನ ಲೆಕ್ಕದಲ್ಲಿ ಎರಡೂ ಒಂದೇ ಬಗೆಯ ಸರಕು. ಜನ ಹಿಂದೆ ನೋಡಿರದ ಕೌಬಾಯ್‌ನನ್ನು ತೋರಿಸಿದರೆ ಟಿಕೆಟ್ ಹೋಗುತ್ತದೆ, ಅಷ್ಟೇ. ಜೆಫ್ರೀಸ್ ಅವರಿಗೆ ಅದು ಮಕ್ಕಳ ವಿಷಯ, ದುಡ್ಡು ಹಾಕಿದವನಿಗೆ ವ್ಯಾಪಾರದ ವಿಷಯ. ಒಂದೇ ಸಿನಿಮಾದಲ್ಲಿ ಎರಡೂ ಇವೆ.

ಇನ್ನೊಂದು. ಜೆಫ್ರೀಸ್ ಅವರ ಮೈಬಣ್ಣ ತಿಳಿ. ಪರದೆ ಮೇಲೆ ಕಪ್ಪಾಗಿ ಕಾಣಲಿ ಅಂತ ಅವರಿಗೆ ಗಾಢ ಬಣ್ಣದ ಮೇಕಪ್ ಹಚ್ಚಿದರು. ಬಿಳಿ ಹೀರೋ ಎಷ್ಟು ಬಿಳಿ ಅಂತ ಯಾರೂ ಅಳೆಯಲಿಲ್ಲ ನೋಡಿ. ಕಪ್ಪು ಹೀರೋ ಮಾತ್ರ ಎಷ್ಟು ಕಪ್ಪಿರಬೇಕು ಅನ್ನುವುದನ್ನು ಬೇರೆಯವರು ತೀರ್ಮಾನಿಸಿದರು.

'ಬ್ರಾಂಜ್ ಬಕರೂ'ದಲ್ಲಿ ಹೀರೋನ ಗೆಳೆಯ ಡಸ್ಟಿ ಅಂತ ಒಬ್ಬ ಬರುತ್ತಾನೆ. ಮಾತಾಡುವ ಹೇಸರಗತ್ತೆ ಅಂತ ನಂಬಿ ದುಡ್ಡು ಕೊಟ್ಟು ಮೋಸಹೋಗುತ್ತಾನೆ. ಈ ಪೆದ್ದ ಗೆಳೆಯನ ಹಾಸ್ಯ ಬಿಳಿಯರ ಸಿನಿಮಾದಲ್ಲಿ ಸ್ನೋಫ್ಲೇಕ್‌ಗೆ ಕೊಡುತ್ತಿದ್ದ ಹಾಸ್ಯದ ನೆಂಟನೇ. ನನಗೆ ಅದು ಇಲ್ಲೂ ಕಸಿವಿಸಿಯೇ.

ಹಳೇ ರೀಲು

ಕ್ಯಾಮೆರಾ ಕಣ್ಣು ಅವರೇ, ಮೇಕಪ್ ಮಾತು ಒಪ್ಪಿದೆ. ಡಸ್ಟಿ ವಿಷಯದಲ್ಲಿ ಮಾತ್ರ ನನಗೆ ಬೇರೆ ಅಭಿಪ್ರಾಯ ಇದೆ.

ಆ ಹೇಸರಗತ್ತೆಯ ದೃಶ್ಯದಲ್ಲಿ ಮೋಸ ಮಾಡುವವನೂ ಕಪ್ಪು ನಟನೇ, ಎಫ್. ಇ. ಮಿಲ್ಲರ್. 1921ರಲ್ಲಿ ಬ್ರಾಡ್‌ವೇಯಲ್ಲಿ 'ಷಫಲ್ ಅಲಾಂಗ್' ಅನ್ನುವ ನಾಟಕ ಕಪ್ಪು ಕಲಾವಿದರದೇ ಆಗಿ ಭರ್ಜರಿಯಾಗಿ ಓಡಿತಲ್ಲ, ಅದನ್ನು ಕಟ್ಟಿದವರಲ್ಲಿ ಇವರೂ ಒಬ್ಬರು. ಅದೇ ಸಿನಿಮಾದಲ್ಲಿರುವ ಸ್ಪೆನ್ಸರ್ ವಿಲಿಯಮ್ಸ್ ಮುಂದೆ ತಾವೇ ನಿರ್ದೇಶಕರಾದರು. ಇವರು ಹಾಸ್ಯ ಬಲ್ಲ ಜನ, ತಮ್ಮವರ ಮುಂದೆ ತಮ್ಮವರನ್ನೇ ನಗಿಸುತ್ತಿದ್ದರು. ಒಂದೇ ಸಿನಿಮಾದಲ್ಲಿ ಹೀರೋ, ವಿಲನ್, ಅಪ್ಪ, ಮಗಳು, ಪೆದ್ದ, ಜಾಣ ಎಲ್ಲರೂ ಕಪ್ಪು ಜನರೇ ಆಗಿದ್ದಾಗ ಪೆದ್ದ ಒಬ್ಬ ಪೆದ್ದನಷ್ಟೇ. ಇಡೀ ಸಿನಿಮಾದಲ್ಲಿ ಒಬ್ಬನೇ ಕಪ್ಪು ಮನುಷ್ಯ ಇದ್ದು ಅವನೇ ಪೆದ್ದನಾದರೆ ಅದು ಇಡೀ ಜನಾಂಗದ ಮೇಲೆ ಹೊರಿಸಿದ ಮಾತಾಗುತ್ತದೆ. ನನಗೆ ಈ ವ್ಯತ್ಯಾಸ ಬಹಳ ದೊಡ್ಡದು.

ಕ್ಯಾಮೆರಾ ಕಣ್ಣು

ಹೀಗೆ ಯೋಚಿಸಿರಲಿಲ್ಲ ಸರ್. ಇನ್ನೊಮ್ಮೆ ನೋಡುತ್ತೇನೆ. ಆದರೂ ಆ ದೃಶ್ಯ ಬೇಕಿದ್ದಕ್ಕಿಂತ ಉದ್ದ ಎಂಬ ಮಾತಿಗೆ ನಾನು ಬದ್ಧ.

ಸಂತೆಬೆನ್ನೂರು

ಬೇಸರ ಮಾಡಿಕೊಳ್ಳಬೇಡಿ, ನೇರವಾಗಿ ಹೇಳುತ್ತೇನೆ. ನನ್ನಪ್ಪನಿಗೆ ಈ ಸಿನಿಮಾಗಳೆಂದರೆ ಪ್ರಾಣ. ಬೆಂಗಳೂರಿನಲ್ಲಿ ಓದುವಾಗ ಬೆಳಗಿನ ಆಟಕ್ಕೆ ಹೋಗಿ ನೋಡಿದ್ದನ್ನು ರಾತ್ರಿ ಮಲಗುವಾಗ ನಮಗೆ ಕಥೆ ಮಾಡಿ ಹೇಳುತ್ತಿದ್ದರು. ಆ ಸಂತೋಷದ ಮೇಲೆ ಇವತ್ತಿನ ಅಳತೆಗೋಲು ಇಟ್ಟು ಯಾರೆಷ್ಟು, ಯಾರೆಲ್ಲಿ ಅಂತ ಲೆಕ್ಕ ಹಾಕಬೇಕಾ? 80-90 ವರ್ಷದ ಹಿಂದಿನ ಜನರಿಗೆ ಇವೆಲ್ಲ ಗೊತ್ತಿರಲಿಲ್ಲ. ಮತ್ತೆ, ನಿಜವಾದ ಕೌಬಾಯ್‌ಗಳು ಬಿಳಿಯರೇ ಆಗಿದ್ದರಲ್ಲವಾ? ಇದ್ದದ್ದನ್ನು ಇದ್ದ ಹಾಗೆ ತೋರಿಸಿದರು ಅಂತ ಯಾಕೆ ತಿಳಿಯಬಾರದು?

ಧಾರವಾಡದವ

ಸಂತೆಬೆನ್ನೂರು ಅಣ್ಣಾ, ನಿಮ್ಮಪ್ಪನ ಸಂತೋಷಕ್ಕೆ ನಾವ್ಯಾರೂ ಕೈ ಹಾಕುವುದಿಲ್ಲ. ಆದರೆ ಇದ್ದದ್ದನ್ನು ಇದ್ದ ಹಾಗೆ ತೋರಿಸಿದರು ಅನ್ನುವ ಮಾತು ಮಾತ್ರ ಸರಿಯಲ್ಲ ನೋಡಿರಿ. ಗಲಾಟೆ ಇರುವುದೇ ಅಲ್ಲಿ.

ನಾನು ದನಕರು ಕಟ್ಟಿದ ಮನೆಯವ, ಹಾಗಾಗಿ ಈ ವಿಷಯ ನನಗೆ ಹತ್ತಿರ. ಕೌಬಾಯ್ ಅಂದರೆ ದನ ಕಾಯುವವ, ಮತ್ತೇನಲ್ಲ. ಆ ಕೆಲಸವನ್ನು ಅಮೆರಿಕದ ಬಿಳಿಯರಿಗೆ ಕಲಿಸಿದವರು ಮೆಕ್ಸಿಕೋದ ದನಗಾಹಿಗಳು. ಸ್ಪ್ಯಾನಿಷ್‌ನಲ್ಲಿ ವಾಕಾ ಅಂದರೆ ಆಕಳು, ವಾಕೆರೋ ಅಂದರೆ ಆಕಳು ಕಾಯುವವ. ರ‍್ಯಾಂಚ್, ರೋಡಿಯೋ, ಲ್ಯಾಸೋ, ಕೊರಾಲ್, ಮಸ್ಟಾಂಗ್, ಬ್ರಾಂಕೋ, ಕಾಲಿಗೆ ಕಟ್ಟುವ ಚರ್ಮದ ಚಾಪ್ಸ್, ಎಲ್ಲವೂ ಸ್ಪ್ಯಾನಿಷ್ ಮೂಲದ ಪದಗಳು. ವಾಕೆರೋ ಅನ್ನುವುದನ್ನೇ ಇಂಗ್ಲಿಷ್ ನಾಲಿಗೆ ತಿರುಚಿ ಬಕರೂ ಮಾಡಿತು. ಮೇಲೆ ಹೇಳಿದರಲ್ಲ, 'ಬ್ರಾಂಜ್ ಬಕರೂ', ಕಪ್ಪು ಹೀರೋ, ಅವನಿಗೆ ಮೆಕ್ಸಿಕೋದವರ ಹೆಸರು. ಆ ಒಂದು ಟೈಟಲ್‌ನಲ್ಲಿ ನಿಜವಾದ ಪಶ್ಚಿಮ ಎಷ್ಟೋ ಇದೆ!

ಅಂತರ್ಯುದ್ಧ ಮುಗಿದ ಮೇಲೆ ಟೆಕ್ಸಾಸ್‌ನಿಂದ ಉತ್ತರಕ್ಕೆ ದನ ಹೊಡೆದುಕೊಂಡು ಹೋದವರಲ್ಲಿ ನಾಲ್ವರಲ್ಲಿ ಒಬ್ಬ ಕಪ್ಪು ಮನುಷ್ಯ ಇದ್ದ ಅಂತ ಇತಿಹಾಸಕಾರರು ಅಂದಾಜು ಹೇಳುತ್ತಾರೆ. ಗುಲಾಮರಾಗಿದ್ದಾಗಲೇ ಟೆಕ್ಸಾಸ್‌ನಲ್ಲಿ ದನ ನೋಡಿಕೊಂಡವರು ಅವರು, ಬಿಡುಗಡೆ ಆದ ಮೇಲೆ ಅದೇ ಕಸುಬಿಗೆ ಕೂಲಿ ಸಿಕ್ಕಿತು. ಸಿನಿಮಾದವರು ಇವರನ್ನೆಲ್ಲ ತೆಗೆದುಹಾಕಿ ಬಿಳಿಯರನ್ನಷ್ಟೇ ಕುದುರೆ ಮೇಲೆ ಕೂರಿಸಿದರು. ಇನ್ನೊಂದು ಹೇಳಬೇಕು, ಕಪ್ಪು ಆಳುಗಳನ್ನು 'ಬಾಯ್' ಎಂದು ಕರೆಯುತ್ತಿದ್ದರು, ಅದರಿಂದಲೇ ಕೌಬಾಯ್ ಪದ ಹುಟ್ಟಿತಂತೆ.

ಹಳೇ ರೀಲು

ಧಾರವಾಡದವರೇ, ಕೊನೆಯ ಮಾತೊಂದು ಬಿಟ್ಟು ಎಲ್ಲ ಚೆನ್ನಾಗಿ ಹೇಳಿದಿರಿ. 'ಬಾಯ್' ಕಥೆ ಅಂತರ್ಜಾಲದಲ್ಲಿ ತುಂಬಾ ಓಡಾಡುತ್ತದೆ. ಆದರೆ ಕೌಬಾಯ್ ಪದ 1725ರಲ್ಲೇ ಜೊನಾಥನ್ ಸ್ವಿಫ್ಟ್ ಅವರ ಬರವಣಿಗೆಯಲ್ಲಿ, ದನ ಕಾಯುವ ಹುಡುಗ ಅನ್ನುವ ನೇರ ಅರ್ಥದಲ್ಲಿ ಸಿಗುತ್ತದೆ. ಟೆಕ್ಸಾಸ್ ರ‍್ಯಾಂಚ್‌ಗಳಿಗಿಂತ ಬಹಳ ಹಿಂದೆ. ಕಪ್ಪು ಕೌಬಾಯ್‌ಗಳಿಗೆ ಆದ ಅನ್ಯಾಯ ಹೇಳಲು ನಮಗೆ ನಿಜ ಸಂಗತಿಗಳೇ ಬೇಕಾದಷ್ಟಿವೆ.

ಧಾರವಾಡದವ

ತಿದ್ದಿದ್ದಕ್ಕೆ ಧನ್ಯವಾದ ಸರ್. ಇನ್ನು ಆ ಮಾತು ಹೇಳುವುದಿಲ್ಲ.

ನೈಲ್ಸ್ ಪಕ್ಕದ ಮನೆ

ಎಲ್ಲರಿಗೂ ನಮಸ್ಕಾರ, ನಾನು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಿಂದ. ನಮ್ಮೂರಲ್ಲಿ ಕನ್ನಡದವರು ಬಹಳ ಜನ ಇದ್ದಾರೆ, ಆದರೆ ಮೊದಲ ಕೌಬಾಯ್ ಸಿನಿಮಾ ಸ್ಟಾರ್ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ ಸಿನಿಮಾ ತೆಗೆಯುತ್ತಿದ್ದ ಅಂತ ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ. ನನಗೂ ಆರು ವರ್ಷ ಗೊತ್ತಿರಲಿಲ್ಲ.

ಈಗ ಫ್ರೀಮಾಂಟ್‌ಗೆ ಸೇರಿರುವ ನೈಲ್ಸ್ ಅನ್ನುವ ಹಳೇ ಪೇಟೆಯಲ್ಲಿ ಎಸ್ಸನೇ ಕಂಪನಿಯ ಸ್ಟುಡಿಯೋ ಇತ್ತು. ಬ್ರಾಂಕೋ ಬಿಲ್ಲಿ ಆಂಡರ್ಸನ್ 1912ರಿಂದ 1916ರವರೆಗೆ ಅಲ್ಲಿ ರಾಶಿ ರಾಶಿ ಕಿರು ಕೌಬಾಯ್ ಸಿನಿಮಾ ಮಾಡಿದರು. ಆ ಬೆಟ್ಟದ ಕಣಿವೆಯೇ ಅವರ 'ವೈಲ್ಡ್ ವೆಸ್ಟ್'. ಪೇಟೆಯಲ್ಲಿ ಈಗ ಒಂದು ಪುಟ್ಟ ಮ್ಯೂಸಿಯಂ ಇದೆ, ಶನಿವಾರ ರಾತ್ರಿ ಮೂಕಿ ಸಿನಿಮಾ ಹಾಕುತ್ತಾರೆ, ಪಕ್ಕದಲ್ಲಿ ಪಿಯಾನೋ ನುಡಿಸುತ್ತಾರೆ.

ಬ್ರಾಂಕೋ ಬಿಲ್ಲಿಯ ನಿಜ ಹೆಸರು ಮ್ಯಾಕ್ಸ್ ಆರನ್ಸನ್. ಅರ್ಕನ್ಸಾ ರಾಜ್ಯದ ಲಿಟಲ್ ರಾಕ್‌ನ ಯಹೂದಿ ಮನೆಯ ಹುಡುಗ. ಕೌಬಾಯ್ ಸಿನಿಮಾದ ಮೊದಲ ಹೀರೋನೇ ತನ್ನ ಹೆಸರು ಬದಲಿಸಿಕೊಂಡು ಬಂದವನು! ಇದನ್ನು ಓದಿ ನನಗೆ ಬಹಳ ಪ್ರೀತಿ ಬಂತು. ಆಮೇಲೆ ಅವರದೇ ಸಿನಿಮಾಗಳ ಪಟ್ಟಿ ನೋಡಿದೆ. 1914ರ ಒಂದರ ಹೆಸರು 'ಬ್ರಾಂಕೋ ಬಿಲ್ಲಿ ಅಂಡ್ ದ ಗ್ರೀಸರ್'. ಗ್ರೀಸರ್ ಅಂದರೆ ಮೆಕ್ಸಿಕೋದವರಿಗೆ ಬೈಯುವ ಪದ. ಬೈಗುಳವನ್ನೇ ಟೈಟಲ್ ಮಾಡಿ ಪೋಸ್ಟರ್ ಅಂಟಿಸಿದ್ದಾರೆ. ಹೊರಗಿನವನಾಗಿ ಬಂದು ಒಳಗೆ ಸೇರಿಕೊಂಡವರು ಇನ್ನೊಬ್ಬರನ್ನು ಹೊರಗೆ ನಿಲ್ಲಿಸಿದರಲ್ಲ ಅಂತ ಅವತ್ತು ಮ್ಯೂಸಿಯಂ ಮೆಟ್ಟಿಲ ಮೇಲೆ ಸುಮ್ನೆ ಕೂತುಬಿಟ್ಟೆ.

ಸಂತೆಬೆನ್ನೂರು ಸರ್, ಆ ಕಾಲದ ಜನರಿಗೆ ಗೊತ್ತಿರಲಿಲ್ಲ ಅಂದಿರಿ. ಮೆಕ್ಸಿಕೋದವರಿಗೆ ಚೆನ್ನಾಗಿ ಗೊತ್ತಿತ್ತು. ತಮ್ಮ ಜನರನ್ನು ಕಳ್ಳರು, ಕೊಲೆಗಾರರು ಅಂತಲೇ ತೋರಿಸುವ ಕಂಪನಿಗಳ ಸಿನಿಮಾಗಳಿಗೆ ಮೆಕ್ಸಿಕೋ ಸರ್ಕಾರ 1922ರಲ್ಲೇ ನಿಷೇಧ ಹಾಕಿತು. ನೋವಾದವರು ಆಗಲೇ ಹೇಳಿದ್ದರು, ಕೇಳಬೇಕಾದವರು ಕೇಳಲಿಲ್ಲ.

ಕ್ಯಾಮೆರಾ ಕಣ್ಣು

ಮೇಡಂ, ಮನಸ್ಸಿಗೆ ನಾಟುವ ಹಾಗೆ ಬರೆದಿರಿ. ಇದಕ್ಕೆ ಒಂದು ಸಂಗತಿ ಸೇರಿಸುತ್ತೇನೆ. ಸಿಸ್ಕೋ ಕಿಡ್ ಅನ್ನುವ ಪಾತ್ರ ಓ. ಹೆನ್ರಿ ಅವರ 1907ರ ಕಥೆಯಿಂದ ಬಂದದ್ದು. ಕಥೆಯಲ್ಲಿ ಅವನೊಬ್ಬ ಕ್ರೂರ ಕೊಲೆಗಾರ. ಸಿನಿಮಾದಲ್ಲಿ ಮೆಕ್ಸಿಕೋದ ಒಳ್ಳೆಯ ಹೀರೋ ಆದ. 'ಇನ್ ಓಲ್ಡ್ ಅರಿಜೋನಾ'ದಲ್ಲಿ ಈ ಪಾತ್ರ ಮಾಡಿ ಆಸ್ಕರ್ ತೆಗೆದುಕೊಂಡವರು ವಾರ್ನರ್ ಬಾಕ್ಸ್ಟರ್, ಒಹಾಯೋದ ಬಿಳಿಯರು. ಅದು ದೊಡ್ಡ ಕಂಪನಿಯ ದೊಡ್ಡ ಸಿನಿಮಾ.

ನಿಜವಾಗಿ ಮೆಕ್ಸಿಕೋದಲ್ಲಿ, ಹ್ವಾರೆಸ್ ಊರಲ್ಲಿ ಹುಟ್ಟಿದ ಗಿಲ್ಬರ್ಟ್ ರೋಲಂಡ್‌ಗೆ ಈ ಪಾತ್ರ ಕೊಟ್ಟದ್ದು 1946ರ ಹೊತ್ತಿಗೆ ಮೊನೋಗ್ರಾಮ್, ಅಂದರೆ ಬಡ ಕಂಪನಿ. ದೊಡ್ಡವರು ಪ್ರಶಸ್ತಿ ಒಯ್ದರು, ಸಣ್ಣವರು ಸರಿಯಾದ ಮನುಷ್ಯನನ್ನು ಕುದುರೆ ಮೇಲೆ ಕೂರಿಸಿದರು. ಆ ರೋಲಂಡ್ ಸಿನಿಮಾಗಳನ್ನು ನೋಡಿ. ಸಿಗರೇಟು ಹಚ್ಚುವುದರಲ್ಲೂ ಒಂದು ಠೀವಿ ಇದೆ, ಯಾರಿಗೂ ತಲೆಬಾಗದ ಗತ್ತು ಇದೆ. ಕಡಿಮೆ ದುಡ್ಡಿನ ಸಿನಿಮಾಗಳನ್ನು ನಾನು ಬಿಡದೆ ನೋಡುವುದು ಇದಕ್ಕೇ. ಮೇಲಿನವರ ಕಣ್ಣು ಅಷ್ಟಾಗಿ ಬೀಳದ ಕಡೆ ಒಮ್ಮೊಮ್ಮೆ ಇಂಥದ್ದು ಆಗಿಬಿಡುತ್ತದೆ.

ಧಾರವಾಡದವ

ರೆಡ್ ಇಂಡಿಯನ್ನರ ಬಗ್ಗೆ ಯಾರೂ ಮಾತೇ ಎತ್ತಲಿಲ್ಲವಲ್ಲ? ಗುಂಡು ತಿಂದು ಕುದುರೆಯಿಂದ ಬೀಳುವುದಷ್ಟೇ ಅವರ ಕೆಲಸ ಆಗಿತ್ತು.

ನೈಲ್ಸ್ ಪಕ್ಕದ ಮನೆ

ಅಣ್ಣಾ, ನಾವೆಲ್ಲ ಆ ಪದ ಹೇಳಿಕೊಂಡೇ ಬೆಳೆದೆವು, ನನ್ನ ಶಾಲೆ ಪುಸ್ತಕದಲ್ಲೂ ಇತ್ತು. ಇಲ್ಲಿಗೆ ಬಂದ ಮೇಲೆ ನಾನು ಬಿಟ್ಟೆ. ಚರ್ಮದ ಬಣ್ಣ ಸೇರಿಸಿ, ನಮ್ಮ ದೇಶದ ಹೆಸರನ್ನು ತಪ್ಪಾಗಿ ಅಂಟಿಸಿ ಕರೆಯುವ ಪದ ಅದು. ಮೂಲನಿವಾಸಿಗಳು ಅನ್ನಬಹುದು. ಬುಡಕಟ್ಟಿನ ಹೆಸರು ಗೊತ್ತಿದ್ದರೆ ಅದನ್ನೇ ಹೇಳುವುದು ಇನ್ನೂ ಒಳ್ಳೆಯದು. ಮೊಹಾಕ್, ನವಾಹೋ, ಹೋ-ಚಂಕ್, ಹೀಗೆ.

ಇವರ ಕಥೆಯಲ್ಲಿ ನನಗೆ ತುಂಬಾ ಆಶ್ಚರ್ಯ ತಂದದ್ದು ಶುರುವಿನ ದಿನಗಳು. ಜೇಮ್ಸ್ ಯಂಗ್ ಡೀರ್ ಅನ್ನುವವರು ಮೂಲನಿವಾಸಿ ಬೇರಿನವರು. 1910ರ 'ವೈಟ್ ಫಾನ್ಸ್ ಡಿವೋಷನ್' ಅವರ ನಿರ್ದೇಶನ. ಆಮೇಲೆ ಲಾಸ್ ಏಂಜಲೀಸ್‌ನಲ್ಲಿ ಪಾತೇ ಕಂಪನಿಯ ಕೌಬಾಯ್ ಸಿನಿಮಾ ವಿಭಾಗವನ್ನೇ ನಡೆಸಿದರು. ಅವರ ಹೆಂಡತಿ ಲಿಲಿಯನ್ ಸೇಂಟ್ ಸೈರ್, ನೆಬ್ರಾಸ್ಕಾದ ಹೋ-ಚಂಕ್ ಬುಡಕಟ್ಟಿನವರು, ರೆಡ್ ವಿಂಗ್ ಅನ್ನುವ ಹೆಸರಲ್ಲಿ ಸ್ಟಾರ್ ಆಗಿದ್ದರು. 1914ರಲ್ಲಿ ಹಾಲಿವುಡ್‌ನಲ್ಲಿ ತೆಗೆದ ಮೊದಲ ದೊಡ್ಡ ಕಥಾಚಿತ್ರಗಳಲ್ಲಿ ಒಂದಕ್ಕೆ ಅವರೇ ನಾಯಕಿ. ಹಾಲಿವುಡ್ ಕಣ್ಣು ಬಿಡುವ ಹೊತ್ತಿಗೆ ಮೂಲನಿವಾಸಿಗಳು ಕ್ಯಾಮೆರಾ ಮುಂದೆಯೂ ಇದ್ದರು, ಹಿಂದೆಯೂ ಇದ್ದರು! ಉದ್ಯಮ ದೊಡ್ಡದಾಗುತ್ತಾ ಹೋದಂತೆ ಅವರನ್ನು ಅಂಚಿಗೆ ತಳ್ಳಿದರು.

1940ರ ದಶಕಕ್ಕೆ ಬಂದರೆ ರೆಡ್ ರೈಡರ್ ಸಿನಿಮಾಗಳಲ್ಲಿ ಲಿಟಲ್ ಬೀವರ್ ಅನ್ನುವ ನವಾಹೋ ಹುಡುಗನ ಪಾತ್ರ ರಾಬರ್ಟ್ ಬ್ಲೇಕ್‌ಗೆ ಹೋಯಿತು. ಅವನು ನ್ಯೂಜೆರ್ಸಿಯ ಇಟಾಲಿಯನ್ ಮೂಲದ ಹುಡುಗ.

ಹಳೇ ರೀಲು

ಜೇ ಸಿಲ್ವರ್‌ಹೀಲ್ಸ್ ಅವರನ್ನೂ ಹೇಳಬೇಕು. ಕೆನಡಾದ ಮೊಹಾಕ್, ಒಳ್ಳೆಯ ಲಕ್ರಾಸ್ ಆಟಗಾರ. 1949ರಿಂದ 1957ರವರೆಗೆ ಟಿವಿಯ 'ದ ಲೋನ್ ರೇಂಜರ್'ನಲ್ಲಿ ಮುಖವಾಡದ ಬಿಳಿ ಹೀರೋನ ಮೂಲನಿವಾಸಿ ಜೊತೆಗಾರ ಟೊಂಟೋ. ಆ ಹೆಸರಿಗೆ ಸ್ಪ್ಯಾನಿಷ್‌ನಲ್ಲಿ ಪೆದ್ದ ಅನ್ನುವ ಅರ್ಥ ಇದೆ. ಸ್ಪ್ಯಾನಿಷ್ ಡಬ್ಬಿಂಗ್‌ನಲ್ಲಿ ಅದಕ್ಕೇ ಟೋರೋ ಅಂತ ಬದಲಿಸಬೇಕಾಯಿತು. ಇಂಗ್ಲಿಷ್ ಸರಾಗವಾಗಿ ಮಾತಾಡುವ ಮನುಷ್ಯನ ಬಾಯಲ್ಲಿ ಮುರುಕು ಇಂಗ್ಲಿಷ್ ಹೇಳಿಸಿದರು. ಆದರೂ ಟೊಂಟೋ ಹೆದರುವುದಿಲ್ಲ, ಕುದುರೆ ಅವನದೇ, ಎಷ್ಟೋ ಸಲ ಲೋನ್ ರೇಂಜರ್‌ನ ಜೀವ ಉಳಿಸುವವನೂ ಅವನೇ.

ಸಿಲ್ವರ್‌ಹೀಲ್ಸ್ ಅವರು 1960ರ ದಶಕದಲ್ಲಿ ಮೂಲನಿವಾಸಿ ಕಲಾವಿದರಿಗೆ ನಟನೆ ಕಲಿಸಲು ಲಾಸ್ ಏಂಜಲೀಸ್‌ನಲ್ಲಿ ಒಂದು ಕಾರ್ಯಾಗಾರವನ್ನೇ ಕಟ್ಟಿದರು. ನನಗೆ ಅವರ ದೊಡ್ಡ ಪಾತ್ರ ಅದೇ. ಮಂಜು ಅವರೇ, 1949ರ ಜೀನ್ ಆಟ್ರಿ ಸಿನಿಮಾ 'ದ ಕೌಬಾಯ್ ಅಂಡ್ ದ ಇಂಡಿಯನ್ಸ್' ಮಗಳಿಗೆ ತೋರಿಸಬಹುದು. ನವಾಹೋ ಜನ ಹಸಿವಿನಲ್ಲಿರುವುದು, ಅಂಗಡಿಯವನು ಅವರಿಗೆ ಮೋಸ ಮಾಡುವುದು ಅದರ ಕಥೆ, ಸಿಲ್ವರ್‌ಹೀಲ್ಸ್ ಅದರಲ್ಲಿದ್ದಾರೆ. ಆದರೆ ಸಮಸ್ಯೆ ಬಿಡಿಸಲು ಹಾಡುವ ಬಿಳಿ ಕೌಬಾಯ್‌ನೇ ಬರಬೇಕು.

ಚೀನಾದವರ ಬಗ್ಗೆ ಹೇಳಲು ಈ ಸಿನಿಮಾಗಳಲ್ಲಿ ಒಳ್ಳೆಯದು ಸಿಗುವುದು ಕಷ್ಟ. 1869ರಲ್ಲಿ ಮುಗಿದ ರೈಲು ಹಳಿಗಾಗಿ ಪಶ್ಚಿಮದ ಬೆಟ್ಟ ಕಡಿದವರು ಸಾವಿರಾರು ಚೀನೀ ಕೂಲಿಗಳು. ಸಿನಿಮಾದಲ್ಲಿ ಅವರಿಗೆ ಸಿಕ್ಕದ್ದು ಅಡುಗೆಮನೆ, ಬಟ್ಟೆ ಒಗೆಯುವ ಅಂಗಡಿ.

ಚಾಟಿ ಚಂದ್ರಿ

ತಡವಾಗಿ ಬಂದೆ. ಗಂಡಸರೇ ಮಾತಾಡುತ್ತಿದ್ದೀರಿ, ನೈಲ್ಸ್ ಅಕ್ಕ ಒಬ್ಬರನ್ನು ಬಿಟ್ಟು! ಹೆಂಗಸರು ಎಲ್ಲಿ?

1938-39ರಲ್ಲಿ ಗ್ರ್ಯಾಂಡ್ ನ್ಯಾಷನಲ್ ಅನ್ನುವ ಬಡ ಕಂಪನಿ ಡೊರೊಥಿ ಪೇಜ್ ಅವರನ್ನು ಹಾಡುವ ಕೌಗರ್ಲ್ ಮಾಡಿ ಮೂರು ಸಿನಿಮಾ ತೆಗೆಯಿತು. ಮೂರೇ, ಆಮೇಲೆ ನಿಂತಿತು. 1944ರಲ್ಲಿ ರಿಪಬ್ಲಿಕ್ 'ಜೋರೋಸ್ ಬ್ಲ್ಯಾಕ್ ವಿಪ್' ಅನ್ನುವ, ಚಿತ್ರಮಂದಿರದಲ್ಲಿ ಕಂತು ಕಂತಾಗಿ ತೋರಿಸುವ ಸೀರಿಯಲ್ ಮಾಡಿತು. ಅದರಲ್ಲಿ ಜೋರೋ, ಅಂದರೆ ಮುಖವಾಡ ಹಾಕಿ ಹೋರಾಡುವ ಆ ಹೆಸರಾಂತ ಹೀರೋ, ಬರುವುದೇ ಇಲ್ಲ. ಲಿಂಡಾ ಸ್ಟರ್ಲಿಂಗ್ ಮುಖವಾಡ ಹಾಕಿಕೊಂಡು, ಚಾಟಿ ಹಿಡಿದು, ಕುದುರೆ ಮೇಲೆ ಬರುತ್ತಾರೆ. ಎಲ್ಲ ಸಾಹಸ ಮಾಡುವವಳು ಅವಳು, ಟೈಟಲ್‌ನಲ್ಲಿ ಹೆಸರು ಮಾತ್ರ ಜೋರೋದು. ಮಂಜು ಅವರ ಮಗಳಿಗೆ ಸ್ನೋಫ್ಲೇಕ್ ನೋಡಿ ಅನ್ನಿಸಿದ್ದು ನನಗೆ ಈ ಟೈಟಲ್ ನೋಡಿ ಅನ್ನಿಸಿತು.

ನಮ್ಮ ದೇಶದಲ್ಲಿ ಅಷ್ಟೊತ್ತಿಗೆ ನಾಡಿಯಾ ಬಂದು ಒಂಬತ್ತು ವರ್ಷ ಆಗಿತ್ತು. 1935ರ 'ಹಂಟರ್‌ವಾಲಿ', ವಾಡಿಯಾ ಸಹೋದರರ ಮುಂಬೈ ಕಂಪನಿ. ಮುಖವಾಡ, ಚಾಟಿ, ಕುದುರೆ, ಎಲ್ಲ ಇತ್ತು, ಪೋಸ್ಟರ್ ಮೇಲೆ ಅವರೇ ಇದ್ದರು. ನಾಡಿಯಾ ಹುಟ್ಟಿದ್ದು ಆಸ್ಟ್ರೇಲಿಯಾದ ಪರ್ತ್‌ನಲ್ಲಿ, ಬಿಳಿ ಹೆಂಗಸು, ಭಾರತದ ರಾಜಕುಮಾರಿಯ ಪಾತ್ರ. ಯಾರು ಯಾರ ಪಾತ್ರ ಮಾಡಬೇಕು ಅನ್ನುವ ಪ್ರಶ್ನೆಗೆ ಅಮೆರಿಕದ ಉತ್ತರ ಒಂದು ಥರ, ನಮ್ಮ ಉತ್ತರ ಇನ್ನೊಂದು ಥರ ಸಿಕ್ಕಲಾಗಿತ್ತು. ನನಗೆ ನಾಡಿಯಾ ಅಂದರೆ ಪ್ರಾಣ, ಈ ಸಿಕ್ಕಲು ಗೊತ್ತಿದ್ದೂ ಪ್ರಾಣ.

ಸಂತೆಬೆನ್ನೂರು

ಎಲ್ಲರ ಮಾತೂ ಎರಡೆರಡು ಸಲ ಓದಿದೆ. ಬಿಳಿಯರೇ ಇದ್ದರು ಅಂದದ್ದು ನನ್ನ ತಪ್ಪು, ವಾಪಸ್ ತೆಗೆದುಕೊಳ್ಳುತ್ತೇನೆ. ಸಿನಿಮಾ ನೋಡಿಯೇ ಹಾಗೆ ತಿಳಿದುಕೊಂಡಿದ್ದೆ ಅಂತ ಈಗ ಅರ್ಥ ಆಗುತ್ತಿದೆ. ಅಪ್ಪ ಹೇಳಿದ ಕಥೆಗಳನ್ನು ಮಾತ್ರ ಬಿಡುವುದಿಲ್ಲ. ಅಪ್ಪ ಈಗಿಲ್ಲ. ಇದ್ದಿದ್ದರೆ ಈ ಹೆಸರುಗಳನ್ನೆಲ್ಲ ಅವರಿಗೆ ಹೇಳುತ್ತಿದ್ದೆ, ಖಂಡಿತ ಖುಷಿಪಡುತ್ತಿದ್ದರು.

ಒಂದು ಕೇಳಬೇಕಿತ್ತು. ಲೋನ್ ರೇಂಜರ್ ಪಾತ್ರಕ್ಕೆ ಬಾಸ್ ರೀವ್ಸ್ ಅನ್ನುವ ಕಪ್ಪು ಪೊಲೀಸ್ ಅಧಿಕಾರಿ ಸ್ಫೂರ್ತಿ ಅಂತ ವಿಡಿಯೋ ಒಂದರಲ್ಲಿ ಕೇಳಿದೆ. ನಿಜವಾ?

ಹಳೇ ರೀಲು

ಸಂತೆಬೆನ್ನೂರು ಅವರೇ, ನಿಮ್ಮ ಮಾತು ಓದಿ ಮನಸ್ಸು ತುಂಬಿತು.

ಬಾಸ್ ರೀವ್ಸ್ ನಿಜವಾದ ಮನುಷ್ಯ. ಗುಲಾಮನಾಗಿ ಹುಟ್ಟಿ, ಆಮೇಲೆ ಈಗಿನ ಒಕ್ಲಹೋಮಾ ಕಡೆ ಡೆಪ್ಯುಟಿ ಮಾರ್ಷಲ್ ಆಗಿ 30 ವರ್ಷಕ್ಕೂ ಜಾಸ್ತಿ ಕೆಲಸ ಮಾಡಿದರು. ಆದರೆ 1933ರಲ್ಲಿ ಡೆಟ್ರಾಯಿಟ್ ರೇಡಿಯೋದಲ್ಲಿ ಲೋನ್ ರೇಂಜರ್ ಶುರು ಮಾಡಿದವರು ಅವರನ್ನು ನೋಡಿ ಬರೆದರು ಅನ್ನಲು ಪುರಾವೆ ಇಲ್ಲ. ರೀವ್ಸ್ ಅವರಿಗೆ ಆ ಮುಖವಾಡ ಬೇಕಿಲ್ಲ, ಅವರ ಬದುಕೇ ಸಾಕು.

ನಿಜ ಕೌಬಾಯ್‌ನೇ ಸಿನಿಮಾಕ್ಕೆ ಬಂದದ್ದು ಬೇಕಿದ್ದರೆ ಬಿಲ್ ಪಿಕೆಟ್ ಇದ್ದಾರೆ. ಓಡುವ ಹೋರಿಯ ಮೇಲೆ ಕುದುರೆಯಿಂದ ಹಾರಿ, ಕೊಂಬು ಹಿಡಿದು ತಿರುಚಿ, ಅದರ ತುಟಿ ಕಚ್ಚಿ ನೆಲಕ್ಕೆ ಕೆಡವುವ ವರಸೆಯನ್ನು ಕೌಬಾಯ್‌ಗಳ ಪಂದ್ಯವಾದ ರೋಡಿಯೋಗೆ ತಂದವರು. ಕಪ್ಪು ಜನರಿಗೆ ಪ್ರವೇಶ ಇಲ್ಲದ ಕಡೆ ಅವರನ್ನು ಬೇರೆ ಜನಾಂಗದವರು ಅಂತ ಹೇಳಿ ಕಣಕ್ಕೆ ಇಳಿಸಿದ್ದೂ ಉಂಟು. ಫ್ಲಾರಿಡಾದ ಜಾಕ್ಸನ್‌ವಿಲ್‌ನ ನಾರ್ಮನ್ ಕಂಪನಿ 1922ರಲ್ಲಿ ಅವರನ್ನು ಹಾಕಿಕೊಂಡು 'ದ ಬುಲ್-ಡಾಗರ್', 'ದ ಕ್ರಿಮ್ಸನ್ ಸ್ಕಲ್' ಮಾಡಿತು. ಎರಡನೆಯದನ್ನು ತೆಗೆದದ್ದು ಒಕ್ಲಹೋಮಾದ ಬೋಲಿಯಲ್ಲಿ. ಇಡೀ ಊರು ಕಪ್ಪು ಜನರದೇ. 'ಬುಲ್-ಡಾಗರ್'ನ ತುಣುಕುಗಳು ಉಳಿದಿವೆ.

1994ರ ಹೊತ್ತಿಗೆ ಅಮೆರಿಕದ ಅಂಚೆ ಇಲಾಖೆ ಅವರ ಅಂಚೆಚೀಟಿ ಅಚ್ಚು ಹಾಕಿಸಿತು. ಆಮೇಲೆ ನೋಡಿದರೆ ಅದರಲ್ಲಿರುವ ಮುಖ ಬಿಲ್ ಅವರದಲ್ಲ, ಅವರ ತಮ್ಮ ಬೆನ್ ಅವರದು! ಮನೆಯವರು ಹೇಳಿದ ಮೇಲೆ ಚೀಟಿ ವಾಪಸ್ ತೆಗೆದು ಹೊಸದಾಗಿ ಬರೆಸಿದರು.

ಮ್ಯಾಟಿನಿ ಮಂಜು

ಎಲ್ಲರಿಗೂ ಮನಸಾರೆ ಧನ್ಯವಾದ. ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ಇವತ್ತು 'ಬ್ರಾಂಜ್ ಬಕರೂ' ನೋಡಿದೆವು. ಪ್ರಿಂಟ್ ತುಂಬಾ ಹಳತು, ಮಾತು ಕೆಲವು ಕಡೆ ಕೇಳುವುದೇ ಇಲ್ಲ. ಹೇಸರಗತ್ತೆ ಬಂದಾಗ ಮಗಳು ಬಿದ್ದು ಬಿದ್ದು ನಕ್ಕಳು. ಕ್ಯಾಮೆರಾ ಕಣ್ಣು ಅವರೇ, ಅವಳಿಗೆ ಅದು ಉದ್ದ ಅನ್ನಿಸಲಿಲ್ಲ. ಜೆಫ್ರೀಸ್ ಅವರು ಹಾಡಲು ಶುರು ಮಾಡಿದಾಗ ಮಾತ್ರ ಹತ್ತಿರ ಹೋಗಿ ಪರದೆ ಮುಂದೆ ಕೂತಳು.

ಮುಗಿದ ಮೇಲೆ ಮತ್ತೆ ಟೈಟಲ್ ಕಾರ್ಡ್ ಹಾಕಿಸಿದಳು. ಬೆರಳಿಟ್ಟು ಓದಿದಳು. ಈ ಸಲ ಎಲ್ಲರಿಗೂ ಹೆಸರಿದೆ ಅಪ್ಪಾ ಅಂದಳು. ಅವಳ ಹತ್ತಿರ ಒಂದು ನೋಟ್‌ಬುಕ್ ಇದೆ, ಅದರ ಮೊದಲ ಸಾಲಿನಲ್ಲಿ ಫ್ರೆಡ್ ಟೂನ್ಸ್ ಅಂತ ಬರೆದಿದ್ದಾಳೆ, ಕೆಳಗೆ ಇವರನ್ನೆಲ್ಲ ಬರೆಯುತ್ತಾ ಬಂದಳು. ಕೊನೆಗೆ 'ದ ಫೋರ್ ಟೋನ್ಸ್' ಹತ್ತಿರ ನಿಂತುಬಿಟ್ಟಳು. ಹಿಂದೆ ನಿಂತು ಹಾಡುವ ನಾಲ್ವರು. ಇವರ ಹೆಸರು ಹಾಕಿಲ್ಲವಲ್ಲ ಅಂತ ಕೇಳುತ್ತಿದ್ದಾಳೆ. ಹಳೇ ರೀಲು ಸರ್, ಗೊತ್ತಿದ್ದರೆ ಹೇಳಿ, ಪೆನ್ಸಿಲ್ ಹಿಡಿದು ಪಕ್ಕದಲ್ಲೇ ಕೂತಿದ್ದಾಳೆ.

ಹಳೇ ರೀಲು

ಬರೆದುಕೋ ಪುಟ್ಟೀ. ಲೂಶಿಯಸ್ ಬ್ರೂಕ್ಸ್, ಡಸ್ಟಿ ಪಾತ್ರ ಮಾಡಿದವರೂ ಇವರೇ. ಲಿಯಾನ್ ಬಕ್. ಐರಾ ಹಾರ್ಡಿನ್. ರುಡಾಲ್ಫ್ ಹಂಟರ್.